ಬಿಳಿ ಮೂರರ ಕೊಳಲು

ನಾನು ಒಂದು ಕೊಳಲು. ಹಾಗೆಂದ ಕೂಡಲೇ ಪಟದಲ್ಲಿ ಕೃಷ್ಣ ಹಿಡಿದಿರುವ ಪುಟ್ಟ ಕೊಳಲನ್ನು ನೆನೆಯಬೇಡಿ. ಉದ್ದದಲ್ಲೂ ದಪ್ಪದಲ್ಲೂ ನಾನು ಅದರ ದೊಡ್ಡಪ್ಪ. ಗೋಡೆಗೆ ಒರಗಿಸಿಟ್ಟರೆ ಊದುಗೊಳವೆ ಎಂದು ಒಲೆಯ ಹತ್ತಿರ ಒಯ್ಯುವವರೂ ಇದ್ದಾರೆ. ಸಿಟ್ಟು ಬರುತ್ತದೆ. ಆದರೆ ಯಾರಾದರೂ ಊದುವವರೆಗೆ ನಾನು ಬಾಯಿ ಬಿಡುವಂತಿಲ್ಲವಲ್ಲ.

ದಾಂಡೇಲಿ ಕಡೆಯ ಬಿದಿರು ನಾನು. ಕಾಸಿಮಸಾಬ ಎಂಬ ಮುದುಕ ನನ್ನನ್ನು ನೆರಳಲ್ಲಿ ಒಣಗಿಸಿ, ಕಾದ ಸಲಾಕೆಯಿಂದ ತೂತು ಕೊರೆದ. ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಕೊನೆಗೆ ಹಾರ್ಮೋನಿಯಮ್ಮಿನ ಮೂರನೆಯ ಬಿಳಿ ಪಟ್ಟಿ ಒತ್ತಿ, ನನ್ನನ್ನು ಊದಿ, ಎರಡು ದನಿಯೂ ಕೂಡಿಕೊಂಡಾಗ ನನ್ನನ್ನು ಕೆಳಗಿಟ್ಟ. ಅಂದಿನಿಂದ ಬಿಳಿ ಮೂರು ನನ್ನ ಷಡ್ಜ. ಕೊಳಲಿನ ಹಣೆಬರಹವೇ ಅದು, ಹುಟ್ಟಿದ ಶ್ರುತಿ ಸಾಯುವವರೆಗೂ ಬದಲಾಗುವುದಿಲ್ಲ. ಹಾಡುವವರ ಶ್ರುತಿ ಬೇರೆಯಾದರೆ ಊದುವವನು ಬೇರೆ ಕೊಳಲು ಹಿಡಿಯಬೇಕು.

ಈ ಸಂಗತಿ ಯಮನೂರಪ್ಪನಿಗೆ ಗೊತ್ತಿರಲಿಲ್ಲ. ಅವನು ಹುಬ್ಬಳ್ಳಿಯ ಬಸ್ ಕಂಡಕ್ಟರ್. ಡಿಪೋದ ಗೆಳೆಯರ ಭಜನೆಯಲ್ಲಿ ಕೊಳಲು ಊದುವ ಆಸೆಯಿಂದ ಕಾಸಿಮಸಾಬನ ಅಂಗಡಿಗೆ ಬಂದವನು, ಇದ್ದುದರಲ್ಲೆಲ್ಲ ದೊಡ್ಡವನಾದ ನನ್ನನ್ನೇ ಎತ್ತಿಕೊಂಡ. “ದೊಡ್ಡದು ಅಂದಮ್ಯಾಲೆ ಜೋರ ಕೇಳಸ್ತೈತಿ” ಎಂದ. ಕೊಳಲು ದೊಡ್ಡದಾದಷ್ಟೂ ದನಿ ತಗ್ಗುತ್ತದೆ. ಹಾರ್ನಿನ ಲೆಕ್ಕದಲ್ಲಿ ಕೊಳಲು ಕೊಂಡವರಲ್ಲಿ ನಾನು ಕಂಡದ್ದು ಅವನೊಬ್ಬನನ್ನೇ.

ಡಿಪೋದವರು ಹಾಡುತ್ತಿದ್ದುದು ಹಾರ್ಮೋನಿಯಮ್ಮಿನ ಮೊದಲ ಕರಿ ಪಟ್ಟಿಯಲ್ಲಿ, ಅಂದರೆ ಕರಿ ಒಂದರಲ್ಲಿ. ಅವರೊಂದು ದಾರಿ, ನಾನೊಂದು ದಾರಿ. “ಯಮನೂರಪ್ಪ, ನಿನ್ನ ಕೊಳಲಿಗೆ ಬ್ಯಾರೆ ರೂಟ್ ಹಾಕ್ಯಾರೇನೋ?” ಎಂದು ಡ್ರೈವರೊಬ್ಬ ಕೇಳಿದ. ಮರುವಾರವೇ ಕರಿ ಒಂದರ ಗಿಡ್ಡ ಕೊಳಲು ಮನೆಗೆ ಬಂತು, ನಾನು ಮೂಲೆ ಸೇರಿದೆ. ಹಗ್ಗದ ಮೇಲಿನ ಬಟ್ಟೆ ಇಳಿಸುವುದು, ಬೆಕ್ಕು ಓಡಿಸುವುದು ನನ್ನ ಕೆಲಸವಾಯಿತು. ಹೊಟ್ಟೆಕಿಚ್ಚಿನಿಂದ ಬೇಯುತ್ತಿದ್ದೆ.

ಯಮನೂರಪ್ಪನ ಹೆಂಡತಿ ಕಸ್ತೂರಿ. ಓಣಿಯ ಹೆಂಗಸರದೊಂದು ಭಜನಾ ಮಂಡಳಿ ಇತ್ತು. ಶುಕ್ರವಾರಕ್ಕೊಂದು ಮನೆಯಲ್ಲಿ ಭಜನೆ, ಯಾರ ಮನೆಯೋ ಆ ಮನೆಯಾಕೆಯೇ ಮೊದಲ ಹಾಡು ಹಾಡಬೇಕು. ಮಂಡಳಿಯ ಹಿರಿಯರಾದ ವಿಮಲಾಬಾಯಿ ಹಾರ್ಮೋನಿಯಂ ಹಿಡಿದರೆ ಎತ್ತರದ ಕರಿ ಐದು ಬಿಟ್ಟು ಕದಲುತ್ತಿರಲಿಲ್ಲ. ಕಸ್ತೂರಿಯದೋ ತುಂಬಿದ, ತಗ್ಗಿನ ದನಿ. ಒಮ್ಮೆ ಮೇಲಿನ ಸಾಲಿಗೆ ಏರುವಾಗ ಅದು ಒಡೆಯಿತು, ಯಾರೋ ಸೆರಗಿನಲ್ಲಿ ನಕ್ಕರು. “ಕಸ್ತೂರಿ, ನೀ ತಾಳ ಹಾಕು. ಚೊಲೋ ಹಾಕ್ತಿ” ಎಂದರು ವಿಮಲಾಬಾಯಿ. ಪ್ರೀತಿಯಿಂದಲೇ ಹೇಳಿದ್ದು. ಅಂದಿನಿಂದ ಕಸ್ತೂರಿ ತಾಳ ಹಾಕಿದಳೇ ಹೊರತು ತುಟಿ ಬಿಚ್ಚಲಿಲ್ಲ.

ಈಗ ಅವಳ ಮನೆಯ ಸರದಿ ಹತ್ತಿರ ಬಂದಿತ್ತು. “ಆ ಶುಕ್ರವಾರ ನಾ ತವರಿಗೆ ಹೋಗ್ತೀನ್ರೀ. ಇನ್ನ ಮಂಡಳಿನೂ ಬಿಡ್ತೀನಿ. ದೇವರು ನನಗ ದನಿನ ಕೊಟ್ಟಿಲ್ಲ” ಎಂದಳು.

ಯಮನೂರಪ್ಪ ಬಿಡಲಿಲ್ಲ. ಕರಿ ಐದರ ಕೊಳಲನ್ನೇ ತಂದು ಸಂಜೆ ಸಂಜೆ ಅವಳನ್ನು ಅಭ್ಯಾಸಕ್ಕೆ ಕೂರಿಸಿದ. “ಇನ್ನೊಂದ್ ಸ್ವಲ್ಪ ಮ್ಯಾಲ, ಕಸ್ತೂರಿ” ಎನ್ನುತ್ತಿದ್ದ. ಅವಳ ಕೊರಳಿನ ನರ ಉಬ್ಬುತ್ತಿತ್ತು, ಕಣ್ಣು ತುಂಬುತ್ತಿತ್ತು. ಒಂದು ಸಂಜೆ ಹಾಡನ್ನು ನಡುವೆಯೇ ಬಿಟ್ಟು ಎದ್ದು ಹೋದಳು. ಮೂಲೆಯಲ್ಲಿದ್ದ ನಾನು ಒಳಗೊಳಗೇ ಒದ್ದಾಡಿದೆ.

ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದಳು. ಖಾಕಿ ಅಂಗಿಯ ಗುಂಡಿ ಹಾಕುತ್ತಿದ್ದ ಯಮನೂರಪ್ಪ ಹಾಗೇ ನಿಂತ. ಕರಿ ಐದರ ಕೊಳಲನ್ನು ಮೆಲ್ಲಗೆ ಊದಿದ, ಕೂಡಲಿಲ್ಲ. ಕರಿ ಒಂದನ್ನು ಊದಿದ, ಅದೂ ಇಲ್ಲ. ಆಗ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಮೇಲೊಂದು ಹಸಿ ಟವೆಲ್ಲಿತ್ತು. ಅದನ್ನು ತೆಗೆದು, ಧೂಳು ಒರೆಸಿ ಊದಿದ.

ನನ್ನ ಷಡ್ಜ ಅಡುಗೆಮನೆಗೆ ಹೋಗಿ ಅವಳ ಷಡ್ಜದೊಳಗೆ ಕೂತಿತು. ಸ್ವಲ್ಪ ಹೊತ್ತು ಅವಳಿಗೇ ತಿಳಿಯಲಿಲ್ಲ. ಆಮೇಲೆ ರೊಟ್ಟಿಯ ಸದ್ದು ನಿಂತು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಈ ಊದಗೊಳವಿಗೂ ದನಿ ಐತೇನ್ರೀ?”

“ನಿನಗ ಐತಿ. ಕೊಳಲ ನೋಡಿ ನಿನ್ನ ಹಾಡಸಾಕ ಹೋಗಿದ್ದೆ. ನಿನ್ನ ದನಿ ಕೇಳಿ ಕೊಳಲ ತರಬೇಕಿತ್ತು.”

ಅಂದು ಅವನ ಬಸ್ಸು ತಡವಾಗಿ ಹೊರಟಿತು.

ಶುಕ್ರವಾರ ಕಸ್ತೂರಿ ತವರಿಗೆ ಹೋಗಲಿಲ್ಲ. ಹೆಂಗಸರೆಲ್ಲ ಕೂತರು. ವಿಮಲಾಬಾಯಿ ಎಂದಿನಂತೆ ಕರಿ ಐದು ಒತ್ತಿದರು, ಯಮನೂರಪ್ಪ ನನ್ನನ್ನು ಊದಿದ. ಎರಡೂ ಜಗಳಕ್ಕೆ ಬಿದ್ದು ಕೆಲವರು ಕಿವಿ ಮುಚ್ಚಿಕೊಂಡರು.

“ಏನಪಾ ಇದು? ಹೆಂಗಸರ ಹಾಡಿಗೆ ಇಷ್ಟ ತಗ್ಗಿನ ಪಟ್ಟಿ ಎಲ್ಲೆರ ಇರತದೇನು?” ಎಂದರು ವಿಮಲಾಬಾಯಿ.

ಯಮನೂರಪ್ಪ ಹೆಂಡತಿಯ ಮುಖ ನೋಡಿದ. ಅವಳು ಬೇಡ ಎಂದರೆ ಅವಳ ಹಾಡೂ ಮುಗಿಯಿತು, ನನ್ನ ಕಥೆಯೂ ಮುಗಿಯಿತು. ಕಸ್ತೂರಿ ತಾಳ ಕೆಳಗಿಟ್ಟಳು.

“ನನ್ನ ದನಿ ಅಲ್ಲೇ ಐತ್ರೀ ಬಾಯಾರ. ಒಂದ್ ಸಲ ನೀವ ಇಳದ ಬರ್ರಿ.”

ಹಿರಿಯಾಕೆಯ ಬೆರಳು ಅರೆಗಳಿಗೆ ಹಿಂದೆಮುಂದೆ ನೋಡಿ, ಬಿಳಿ ಮೂರರ ಮೇಲೆ ಇಳಿಯಿತು. ಕಸ್ತೂರಿ ಹಾಡಿದಳು. ಹಿಂದೆ ದನಿ ಒಡೆದಿದ್ದ ಸಾಲಿಗೆ ನಿಧಾನವಾಗಿ ಏರಿ, ಅಲ್ಲೇ ಆರಾಮಾಗಿ ನಿಂತಳು. ಯಾರೂ ಸೆರಗು ಬಾಯಿಗೆ ಒಯ್ಯಲಿಲ್ಲ. ಯಮನೂರಪ್ಪನ ಉಸಿರಿನಲ್ಲಿ ನಾನು ಅವಳ ಬೆನ್ನಿಗೇ ನಡೆದೆ. ನನಗಾದ ಸಂತೋಷವನ್ನು ಹೇಗೆ ಹೇಳಲಿ?

ಪ್ರಸಾದ ಹಂಚುವಾಗ ವಿಮಲಾಬಾಯಿ ಅವನ ಹತ್ತಿರ ಬಂದು ದನಿ ತಗ್ಗಿಸಿದರು. “ಕರಿ ಐದು ಈಗ ನನಗೂ ಮುಟ್ಟೂದಿಲ್ಲಪಾ. ಬರೇ ಬಾಯಿ ಆಡಸ್ತೀನಿ. ನನ್ನ ದನಿಗೂ ಒಂದ್ ಕೊಳಲ ನೋಡ್ತೀಯೇನು?”

ಹಾಗೆ ಒಬ್ಬೊಬ್ಬರ ದನಿಗೂ ಒಂದೊಂದಾಗಿ ನಮ್ಮ ಮನೆಗೆ ಕೊಳಲುಗಳು ಬಂದವು. ಈಗ ಆ ಮಂಡಳಿಯಲ್ಲಿ ಹಾಡುವಾಕೆ ಮೊದಲು ಗುನುಗುತ್ತಾಳೆ, ಆಮೇಲೆ ಯಮನೂರಪ್ಪ ಚೀಲದಿಂದ ಆ ದನಿಯ ಕೊಳಲು ತೆಗೆಯುತ್ತಾನೆ. ಹೊಟ್ಟೆಕಿಚ್ಚು ಪಡಲು ನನಗೆ ಪುರುಸೊತ್ತು ಸಿಗಲಿಲ್ಲ.

ನನಗೆ ವಯಸ್ಸಾಯಿತು. ಮೈ ಉದ್ದಕ್ಕೂ ಸೀಳಿದೆ, ದಾರ ಸುತ್ತಿದರೂ ಬರೀ ಗಾಳಿ ಬರುತ್ತದೆ. ಕಸ್ತೂರಿ ನನ್ನನ್ನು ಎಸೆಯಗೊಡದೆ ನಡುಮನೆಯ ಮೊಳೆಗೆ ತೂಗುಹಾಕಿದ್ದಾಳೆ. ಕಳೆದ ಶುಕ್ರವಾರ ಮತ್ತೆ ನಮ್ಮ ಮನೆಯ ಸರದಿ. ಹಾರ್ಮೋನಿಯಂ ರಿಪೇರಿಗೆ ಹೋಗಿತ್ತು, ಯಮನೂರಪ್ಪ ಡ್ಯೂಟಿಯ ಮೇಲಿದ್ದ. ಶ್ರುತಿ ಕೊಡುವವರು ಯಾರು ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಕಸ್ತೂರಿ ಕಣ್ಣು ಮುಚ್ಚಿ ತಾನೇ ಷಡ್ಜ ಹಿಡಿದಳು. ಬಿಳಿ ಮೂರು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಉಳಿದವರೆಲ್ಲ ಅವಳ ದನಿಗೆ ತಮ್ಮ ದನಿ ಕೂಡಿಸಿದರು.