ಕಿವಿ ಮಷಿನ್ನಿಗೊಂದು ಹಳೇ ಡ್ರೈವರ್

ಕಂಪ್ಯೂಟರ್ ರಿಪೇರಿಯವನು ಎದುರಿಗಿದ್ದ ಲ್ಯಾಪ್‌ಟಾಪಿಗೆ ಥೂ ಅಂದ. ಲ್ಯಾಪ್‌ಟಾಪು ಅವನದಲ್ಲ, ಕಿವಿ ಪರೀಕ್ಷೆ ಮಾಡುವ ಮೇಡಂದು. ಆದರೆ ಅದಕ್ಕೆ ಒದಗಿದ ದುರ್ಗತಿ ಮಾತ್ರ ಪೂರ್ತಿ ಇವನದೇ ಕೈಕೆಲಸ.

ಹೋದ ತಿಂಗಳು ಧೂಳು ತೆಗೆಯಲು ಬಂದವನು ಧೂಳು ತೆಗೆದು ತೆಪ್ಪಗೆ ಹೋಗಬಹುದಿತ್ತು. ಹೋಗಲಿಲ್ಲ. "ಇನ್ನೂ ಈ ಮುದಿ ಸಿಸ್ಟಮ್ ಇಟ್ಕೊಂಡಿದ್ದೀರಲ್ಲ ಮೇಡಂ, ನೋಡೋಕೇ ಅಸಹ್ಯ. ಹೊಸದು ಹಾಕ್ಕೊಡ್ತೀನಿ ಬಿಡಿ" ಅಂದ. ಬೇಡಪ್ಪ, ನಡೀತಾ ಇದೆಯಲ್ಲ ಅಂತ ಮೇಡಂ ಎರಡು ಸಲ ಹೇಳಿದರು. ಇವನು ಕೇಳಬೇಕಲ್ಲ? ಡಿಸ್ಕಿನ ಮೂಲೆಯಲ್ಲಿದ್ದ ಹಳೇ ಕಡತಗಳನ್ನೆಲ್ಲ ಕಸ ಅಂತ ಗುಡಿಸಿ ಹಾಕಿ, ಹೊಸ ಸಿಸ್ಟಮ್ ಕೂರಿಸಿ, ತನ್ನ ಬೆನ್ನು ತಾನೇ ತಟ್ಟಿಕೊಂಡು ಹೋದ. ಹೊಸ ಮಾದರಿಯ ಕಿವಿ ಮಷಿನ್‌ಗಳಿಗೆ ತಂತಿಯ ಹಂಗಿಲ್ಲ, ಅವು ಸರಿಯಾಗೇ ನಡೆದವು. ಹಳೇ ಮಷಿನ್‌ಗಳನ್ನು ಹೊಂದಿಸಲು ಅಂಗೈಯಗಲದ ಒಂದು ಪೆಟ್ಟಿಗೆ ಇದೆ, ತಂತಿ ಹಾಕಿ ಲ್ಯಾಪ್‌ಟಾಪಿಗೆ ಸಿಕ್ಕಿಸುವಂಥದ್ದು. ಅದನ್ನು ತಿಂಗಳಿಂದ ಯಾರೂ ಮುಟ್ಟಿರಲಿಲ್ಲ. ಮುಟ್ಟಿದ್ದು ಇವತ್ತು ಬೆಳಿಗ್ಗೆ, ಅದೂ ಇವನ ಅಮ್ಮನ ಮಷಿನ್ನಿಗಾಗಿ. ಹೊಸ ಸಿಸ್ಟಮ್ಮು ಆ ಪೆಟ್ಟಿಗೆಯ ಗುರುತೇ ಇಲ್ಲ ಅಂದುಬಿಟ್ಟಿತು.

ಬೇರೆ ದಿನವಾಗಿದ್ದರೆ ನಾಳೆ ನೋಡೋಣ ಅನ್ನಬಹುದಿತ್ತು. ಇವತ್ತು ಹಾಗನ್ನುವಂತಿರಲಿಲ್ಲ. ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಆಸ್ಪತ್ರೆಯಲ್ಲಿ ಚಿಕ್ಕಮ್ಮ ಮಲಗಿದ್ದರು, ಅಮ್ಮನ ಒಬ್ಬಳೇ ತಂಗಿ. ಗಂಟಲಲ್ಲಿ ಗಡ್ಡೆ. ನಾಳೆ ಬೆಳಿಗ್ಗೆ ಏಳಕ್ಕೆ ಆಪರೇಷನ್, ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಚಿಕ್ಕಮ್ಮ ಬದುಕುತ್ತಾರೆ, ದನಿ ಉಳಿಯುವುದಿಲ್ಲ. ಸಂಜೆ ಆರರ ಮೇಲೆ ಫೋನ್ ಕೊಡುವುದಿಲ್ಲ ಅಂತ ಆಸ್ಪತ್ರೆಯವರು ಹೇಳಿದ್ದರು. ಮೂವತ್ತು ವರ್ಷದಿಂದ ದಿನಾ ಸಂಜೆ ಈ ಅಕ್ಕತಂಗಿ ಫೋನಿನಲ್ಲಿ ಮಾತಾಡುತ್ತ ಬಂದಿದ್ದಾರೆ. ಹಾಲು ಉಕ್ಕಿದ್ದು, ಪಕ್ಕದ ಮನೆಯವಳು ಸೊಕ್ಕಿನಿಂದ ನಡೆದದ್ದು, ಇಂಥವೇ. ಹತ್ತು ದಿನದ ಹಿಂದೆ ಅಮ್ಮನ ಮಷಿನ್ ಕೈಕೊಟ್ಟಿತು. ಕಂಪನಿಗೆ ಹೋಗಿ ಇವತ್ತು ವಾಪಸ್ ಬಂತು, ಆದರೆ ಅಮ್ಮನ ಕಿವಿಗೆ ಹೊಂದಿಸಿದ್ದೆಲ್ಲ ಅಳಿಸಿಹೋಗಿತ್ತು. ಅದನ್ನು ಮತ್ತೆ ಹೊಂದಿಸದಿದ್ದರೆ ಫೋನಿನಲ್ಲಿ ಬರೀ ಗುಂಯ್ ಅನ್ನುತ್ತದೆ.

ಅಮ್ಮ ಸ್ಪಂಜಿನ ಗೋಡೆಯ ಪುಟ್ಟ ಪರೀಕ್ಷಾ ಕೋಣೆಯಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ತಮಗೆ ಕೇಳಿಸದಿದ್ದಾಗ ಊರಿಗೆಲ್ಲ ಕೇಳಿಸುವಂತೆ ಮಾತಾಡುವುದು ಅವರ ಅಭ್ಯಾಸ. "ಆಯ್ತೇನೋ?" ಅಂತ ಹತ್ತು ನಿಮಿಷಕ್ಕೊಮ್ಮೆ ಕೂಗುತ್ತಿದ್ದರು. ಇವನು ಬಾಗಿಲ ಸಂದಿಯಿಂದ ಕೈಯಾಡಿಸಿ, ಇನ್ನೂ ಇಲ್ಲ ಅನ್ನುತ್ತಿದ್ದ.

ಹಳೇ ಸಿಸ್ಟಮ್ಮನ್ನು ಮತ್ತೆ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೂತಮೇಲೆ ನೋಡಿದರೆ ಅದಕ್ಕೆ ಏನೂ ಗೊತ್ತಿಲ್ಲ. ಅಕ್ಷರಗಳು ಬಾತುಕೊಂಡಿವೆ, ದನಿಯಿಲ್ಲ, ವೈಫೈ ಇಲ್ಲ. ಒಂದೊಂದು ಭಾಗದ ಭಾಷೆಯನ್ನೂ ಸಿಸ್ಟಮ್ಮಿಗೆ ತಿಳಿಸಿಕೊಡಲು ಒಂದೊಂದು ಡ್ರೈವರ್ ಅನ್ನುವ ಪುಟ್ಟ ಪ್ರೋಗ್ರಾಮ್ ಬೇಕು. ವೈಫೈ ಡ್ರೈವರ್ ಇಳಿಸಲು ವೈಫೈ ಬೇಕು, ವೈಫೈ ಬರಲು ಡ್ರೈವರ್ ಬೇಕು. ಇವನು ತನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಿ, ಪೆನ್‌ಡ್ರೈವಿನಲ್ಲಿ ಹೊತ್ತು ತಂದು, ಒಂದೊಂದಕ್ಕೂ ತಿಪ್ಪರಲಾಗ ಹಾಕಿ, ಮೂರು ಗಂಟೆಗೆ ಎಲ್ಲ ಸರಿ ಮಾಡಿದ. ಉಳಿದದ್ದು ಆ ಪೆಟ್ಟಿಗೆಯ ಡ್ರೈವರ್ ಒಂದೇ, ಬೇಕಾದದ್ದೂ ಅದೊಂದೇ. ಪೆಟ್ಟಿಗೆ ಮಾಡಿದ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿತ್ತು. ನುಂಗಿದವರ ಪುಟದಲ್ಲಿ "ಈ ಉತ್ಪನ್ನಕ್ಕೆ ಬೆಂಬಲ ನಿಲ್ಲಿಸಲಾಗಿದೆ, ಹೊಸದನ್ನು ಕೊಳ್ಳಿ" ಅನ್ನುವ ಸಾಲು, ಪಕ್ಕದಲ್ಲಿ ನಗುವ ಮುದುಕನ ಚಿತ್ರ.

ಆಮೇಲೆ ಶುರುವಾಯಿತು ಚರಂಡಿ. ಎಲ್ಲ ಡ್ರೈವರೂ ಉಚಿತ ಅನ್ನುವ ತಾಣಗಳಿವೆಯಲ್ಲ, ಅವು. ಒಂದೇ ಪುಟದಲ್ಲಿ ಏಳು ಹಸಿರು ಗುಂಡಿ, ಏಳರಲ್ಲಿ ಆರು ಮೋಸ. ಒಂದನ್ನು ಒತ್ತಿದರೆ ಬೊಜ್ಜು ಕರಗಿಸುವ ಪುಡಿ, ಇನ್ನೊಂದನ್ನು ಒತ್ತಿದರೆ ನಿಮ್ಮ ಕಂಪ್ಯೂಟರಿನಲ್ಲಿ ನಾನೂರು ರೋಗಗಳಿವೆ ಅನ್ನುವ ಹೆದರಿಕೆ. ನಿಜವಾದ ಗುಂಡಿಯನ್ನು ಹುಡುಕಿ ಒತ್ತಿದ್ದಕ್ಕೆ ಬಂದದ್ದು ಡ್ರೈವರಲ್ಲ, ಡ್ರೈವರ್ ಹುಡುಕಿಕೊಡುತ್ತೇನೆ ಅನ್ನುವ ಮತ್ತೊಂದು ದರಿದ್ರ ಪ್ರೋಗ್ರಾಮು. ಕಷ್ಟದಲ್ಲಿರುವವರೇ ಬಂದು ಬೀಳಲಿ ಅಂತ ಕಾದು ಕೂತ ನೊಣಗಳು ಅಂತ ಬೈದ.

"ಊಟಾನಾದ್ರೂ ಮಾಡಿ" ಅಂದರು ಮೇಡಂ.

"ಸೇರಲ್ಲ ಮೇಡಂ."

ನಾಲ್ಕಕ್ಕೆ ಒಂದು ಹಳೇ ಚರ್ಚಾ ಪುಟ ಸಿಕ್ಕಿತು. ಅದೇ ಪೆಟ್ಟಿಗೆ, ಅದೇ ಸಿಸ್ಟಮ್, ಅದೇ ತೊಂದರೆ. 'ಯಂತ್ರರಾಜ' ಅಂತ ಹೆಸರಿಟ್ಟುಕೊಂಡ ಯಾವನೋ ಏಳು ವರ್ಷದ ಹಿಂದೆ ಸಹಾಯ ಕೇಳಿ ಗೋಳಾಡಿದ್ದ. ಎರಡು ದಿನ ಬಿಟ್ಟು ಅವನೇ ಬರೆದಿದ್ದ: "ಸಿಕ್ಕಿತು. ಸರಿಯಾಯಿತು. ಥ್ಯಾಂಕ್ಸ್." ಅಷ್ಟೇ. ಎಲ್ಲಿ ಸಿಕ್ಕಿತು, ಹೇಗೆ ಸರಿಯಾಯಿತು, ಒಂದಕ್ಷರ ಇಲ್ಲ.

ಇವನ ಮೈ ಉರಿದುಹೋಯಿತು. "ನೋಡಿ ಮೇಡಂ ಇಂಥವರನ್ನ. ತಾನು ದಡ ಸೇರಿದ್ನಂತೆ, ಉಳಿದೋರು ಸಾಯ್ಲಿ. ಎರಡು ಸಾಲು ಬರೆದಿದ್ರೆ ಇವನ ಗಂಟು ಹೋಗ್ತಿತ್ತಾ? ಯಂತ್ರರಾಜನಂತೆ, ಮುಖ ನೋಡು" ಅಂದ. ಮುಖ ನೋಡಲು ಹೆಸರಿನ ಪಕ್ಕದ ಚಿತ್ರವನ್ನು ದೊಡ್ಡದು ಮಾಡಿದ.

ಮುಖ ಇರಲಿಲ್ಲ. ಹಳದಿ ಸ್ಕೂಟರಿತ್ತು. ಸೀಟು ಹರಿದಿತ್ತು, ಹರಿದಲ್ಲಿ ಕಪ್ಪು ಟೇಪು ಸುತ್ತಿತ್ತು. ಆ ಟೇಪನ್ನು ಸುತ್ತಿದ್ದು ಇವನೇ.

ಯಂತ್ರರಾಜ, ತಾನೇ ಇಟ್ಟುಕೊಂಡು ಮರೆತ ಹೆಸರು. ಏಳು ವರ್ಷದ ಹಿಂದೆ ಈ ಪೆಟ್ಟಿಗೆಯನ್ನು ಇದೇ ಮೇಜಿನ ಮೇಲೆ ಮೊದಲು ಕೂರಿಸಿದವನು ತಾನೇ. ಡ್ರೈವರ್ ಸಿಕ್ಕಿದ್ದೆಲ್ಲಿ ಅಂತ ಈಗ ನೆನಪಿಲ್ಲ. ಜೋಪಾನವಾಗಿ ಇಟ್ಟಿದ್ದ ಜಾಗ ಮಾತ್ರ ನೆನಪಾಯಿತು, ಹೋದ ತಿಂಗಳು ಗುಡಿಸಿ ಹಾಕಿದ ಆ ಡಿಸ್ಕಿನ ಮೂಲೆ. ಹೇಗೆ ಸರಿಮಾಡಿದೆ ಅಂತ ಯಾಕೆ ಬರೆಯಲಿಲ್ಲ? ಮರೆತು ಅಲ್ಲ. ಎಲ್ಲರಿಗೂ ಹೇಳಿಬಿಟ್ಟರೆ ನನ್ನ ಅಂಗಡಿಗೆ ಯಾರು ಬರುತ್ತಾರೆ ಅಂತ ಲೆಕ್ಕ ಹಾಕಿಯೇ ಬರೆದಿರಲಿಲ್ಲ. ಕಸುಬಿನವರೆಲ್ಲ ಹಾಗೇ ಮಾಡುತ್ತಿದ್ದರು. ಅವತ್ತು ಅದು ಜಾಣತನ ಅನ್ನಿಸಿತ್ತು.

"ಏನಾಯ್ತು?" ಅಂದರು ಮೇಡಂ.

"ಏನಿಲ್ಲ" ಅಂದ. ಪುಟವನ್ನು ಕೆಳಗೆ ಸರಿಸಿದ.

ಅವನ ಥ್ಯಾಂಕ್ಸಿನ ಕೆಳಗೆ ಒಬ್ಬ ಹೆಂಗಸು ಬರೆದಿದ್ದಳು. "ಅಣ್ಣಾ, ಹೇಗೆ ಸರಿ ಮಾಡಿದಿರಿ ಹೇಳುತ್ತೀರಾ? ಅಪ್ಪನ ಕಿವಿ ಮಷಿನ್ ಹೊಂದಿಸಬೇಕಿತ್ತು." ವಾರ ಬಿಟ್ಟು: "ದಯವಿಟ್ಟು ಹೇಳಿ. ಅಪ್ಪನಿಗೆ ಹುಷಾರಿಲ್ಲ, ನಾವು ಮಾತಾಡಿದ್ದು ಅವರಿಗೆ ಕೇಳಿಸುತ್ತಿಲ್ಲ." ಮತ್ತೊಂದು ವಾರಕ್ಕೆ: "ಅಣ್ಣಾ, ನೋಡಿದಿರಾ?" ನೋಡಿದ್ದ. ಪ್ರತಿ ಸಲವೂ ಅವನಿಗೆ ಮಿಂಚಂಚೆ ಬಂದಿತ್ತು. ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತ, ಎಲ್ಲ ಪುಕ್ಕಟೆ ಬೇಕು ಈ ಜನಕ್ಕೆ ಅಂತ ಗೊಣಗಿ ಅಳಿಸಿದ್ದು ಅವನಿಗೆ ಈಗ ನೆನಪಾಯಿತು.

ಕೊನೆಯದು ಅದಾಗಿ ಎರಡು ತಿಂಗಳು ಬಿಟ್ಟು ಬರೆದದ್ದು. "ಇನ್ನು ಬೇಡ ಅಣ್ಣಾ. ಅಪ್ಪ ಹೋದರು. ಅವರು ಹೋದಮೇಲೂ ನನಗೆ ಹಟ ಬಿಡಲಿಲ್ಲ, ಹುಡುಕುತ್ತಲೇ ಇದ್ದೆ. ನಿನ್ನೆ ಸಿಕ್ಕಿತು. ಬೇರೆ ಯಾರಿಗಾದರೂ ಬೇಕಾದರೆ ಇಲ್ಲಿ ಇಟ್ಟಿದ್ದೇನೆ." ಕೆಳಗೆ ಕಡತ. ಅದರ ಕೆಳಗೆ, ಮೊದಲು ಯಾವ ಗುಂಡಿ ಒತ್ತಬೇಕು, ತಂತಿ ಯಾವಾಗ ಸಿಕ್ಕಿಸಬೇಕು ಅಂತ ಮಕ್ಕಳಿಗೆ ಹೇಳಿದಂತೆ ಬಿಡಿಸಿ ಬರೆದಿದ್ದಳು.

ಅವನು ಇಳಿಸಿಕೊಂಡ. ಅವಳು ಹೇಳಿದ ಹಾಗೇ ಮಾಡಿದ. ಪೆಟ್ಟಿಗೆಯ ಹಸಿರು ದೀಪ ಹತ್ತಿತು. ಮೇಡಂ "ಅಬ್ಬಾ, ಗೆದ್ರಿ" ಅಂದರು. ಗೆದ್ದವನಿಗೆ ತನ್ನ ಕೈ ನೋಡಿಕೊಳ್ಳಲೂ ಹೇಸಿಗೆಯಾಗುತ್ತಿತ್ತು. ಮೇಡಂ ಅಮ್ಮನ ಮಷಿನ್ ಹೊಂದಿಸುತ್ತಿದ್ದಾಗ ಅವನು ಆ ಪುಟದಲ್ಲಿ ಏನಾದರೂ ಬರೆಯಲು ಹೋದ. ಈ ಚರ್ಚೆಯನ್ನು ಮುಚ್ಚಲಾಗಿದೆ ಅಂತ ಬಂತು.

ಐದೂವರೆಗೆ ಅಮ್ಮ ಫೋನ್ ಹಿಡಿದರು. ಹಲೋ ಅಂದು ಫೋನನ್ನು ಕಿವಿಗೆ ಒತ್ತಿಕೊಂಡರು. ಆಮೇಲೆ, "ಕೇಳಿಸ್ತಾ ಇದೆ ಕಣೇ. ನಿನ್ನ ಒಡಕಲು ಗಂಟಲೂ ಕೇಳಿಸ್ತಾ ಇದೆ" ಅಂದರು. ಅರ್ಧ ಗಂಟೆ ಮಾತಾಡಿದರು. ಆಪರೇಷನ್ ಮಾತೇ ಬರಲಿಲ್ಲ. ಚಿಕ್ಕಂದಿನಲ್ಲಿ ಯಾರ ರಿಬ್ಬನ್ನು ಯಾರು ಕದ್ದದ್ದು ಅಂತ ಜಗಳಾಡಿದರು, ನಕ್ಕರು. ನಗುತ್ತಲೇ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆರಕ್ಕೆ ಎರಡು ನಿಮಿಷ ಇರುವಾಗ ಫೋನನ್ನು ಇವನ ಕೈಗಿಟ್ಟು, "ನಿನ್ಹತ್ರ ಮಾತಾಡ್ಬೇಕಂತೆ" ಅಂದರು.

ಚಿಕ್ಕಮ್ಮನ ದನಿ ಕೆರೆದು ಕೆರೆದು ಬರುತ್ತಿತ್ತು. "ಬೆಳಿಗ್ಗೆಯಿಂದ ಉಪವಾಸ ಕೂತು ಸರಿ ಮಾಡಿದ್ಯಂತೆ, ಅಕ್ಕ ಹೇಳಿದ್ಳು. ಚಿಕ್ಕವನಿದ್ದಾಗಿಂದ ನೀನು ಹಾಗೇ ಕಣೋ. ಯಾರು ಏನು ಕೇಳ್ಕೊಂಡು ಬಂದ್ರೂ ಇಲ್ಲ ಅಂದವನಲ್ಲ."

"ಹಾಗಲ್ಲ ಚಿಕ್ಕಮ್ಮ, ನಾನು..." ಅನ್ನುವಷ್ಟರಲ್ಲಿ ಆ ಕಡೆ ನರ್ಸ್ ಏನೋ ಅಂದದ್ದು ಕೇಳಿಸಿತು. ಫೋನ್ ಕಟ್ಟಾಯಿತು.

"ಏನಂದ್ಳು?" ಅಂತ ಕೇಳಿದರು ಅಮ್ಮ.

"ಏನಿಲ್ಲ. ಹೀಗೇ."

"ಅವಳ ಬಾಯಿಂದ ಬಂದ ಕೊನೇ ಮಾತು ಕಣೋ. ಹೇಗಂದ್ಳೋ ಹಾಗೇ ಹೇಳು."

ಅವನು ನೆಲ ನೋಡುತ್ತ ಹೇಳಿದ. "ಚಿಕ್ಕವನಿದ್ದಾಗಿಂದ ನಾನು ಹಾಗೇ ಅಂತೆ. ಯಾರು ಏನು ಕೇಳ್ಕೊಂಡು ಬಂದ್ರೂ ಇಲ್ಲ ಅಂದವನಲ್ಲ ಅಂದ್ರು."

"ಇನ್ನೊಂದ್ಸಲ ಹೇಳು."

"ಯಾಕೆ, ಕೇಳಿಸ್ಲಿಲ್ವಾ?"

"ಚೆನ್ನಾಗಿ ಕೇಳಿಸ್ತು. ಇನ್ನೊಂದ್ಸಲ ಹೇಳು" ಅಂದರು ಅಮ್ಮ.

ಅವನು ಇನ್ನೊಂದು ಸಲ ಹೇಳಿದ.