ತಿಂಗಳ ಜಾಣ

ನಮ್ಮ ಮಾವನ ಅಂಗಿಯ ಮೇಲೆ ಹಳದಿ ಕಾಗದದ ಬಿಲ್ಲೆಯೊಂದನ್ನು ಚುಚ್ಚಿ ಮನೆಗೆ ಕಳಿಸಿದ್ದರು. ಬಣ್ಣದ ಪೆನ್ನಿನಲ್ಲಿ 'ತಿಂಗಳ ಜಾಣ' ಎಂದು ಬರೆದು, ಪಕ್ಕದಲ್ಲೊಂದು ನಗುವ ಮುಖ ಬೇರೆ. ಡ್ರೈವಿಂಗ್ ಸ್ಕೂಲ್ ನಡೆಸಿ ಅರ್ಧ ಊರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ ಮನುಷ್ಯ ಅವರು. ನನ್ನ ಮಗಳು ಪುಟ್ಟಿಗೆ ಒಂದನೇ ಕ್ಲಾಸಿನಲ್ಲಿ ಇಂಥದೇ ಬಿಲ್ಲೆ ಕೊಟ್ಟಾಗ, ಮನೆ ತಲುಪುವ ಮೊದಲೇ ಕಿತ್ತು ಬ್ಯಾಗಿಗೆ ತುರುಕಿದ್ದಳು. ಆರು ವರ್ಷದವಳಿಗಿದ್ದ ನಾಚಿಕೆ ಇದನ್ನು ಚುಚ್ಚಿದವರಿಗೆ ಇರಲಿಲ್ಲ.

ಚುಚ್ಚಿದವರು ಕಾಲೇಜು ಹುಡುಗ ಹುಡುಗಿಯರು. ಮರೆವಿನ ಕಾಯಿಲೆ ಇರುವವರ ಹಗಲು ಕೇಂದ್ರಕ್ಕೆ ಸ್ವಯಂಸೇವೆಗೆಂದು ಬರುತ್ತಾರೆ. ಎಲ್ಲರಿಗೂ ಒಂದೇ ನೀಲಿ ಟೀ ಶರ್ಟ್, ಕಂಕುಳಲ್ಲಿ ಪಜಲ್ ಡಬ್ಬ, ಮುಖದ ತುಂಬ ದಯೆ. ಅವರ ನಾಯಕನಿಗೆ ನಾನಿಟ್ಟ ಹೆಸರು ಚಪ್ಪಾಳೆ. ಯಾರಾದರೂ ತುಂಡೊಂದನ್ನು ಕೈಗೆತ್ತಿಕೊಂಡರೆ ಚಪ್ಪಾಳೆ, ಕೆಳಗಿಟ್ಟರೆ ಚಪ್ಪಾಳೆ, ಬಚ್ಚಲಿಗೆ ಹೋಗಿ ಬಂದರೂ ಚಪ್ಪಾಳೆ. ಮಾವ ಡ್ರೈವಿಂಗ್ ಕಲಿಸುತ್ತಿದ್ದರು ಎಂದು ಗೊತ್ತಾದ ಮೇಲೆ ಹುಡುಕಿ ಹುಡುಕಿ ಕೆಂಪು ಕಾರಿನ ಚಿತ್ರದ ಪಜಲ್ ತಂದಿದ್ದ. ಕಣ್ಣು, ಮೂಗು ಇರುವ ಕಾರು. ಹಿಂದೆ ಅಡುಗೆ ಕೆಲಸ ಮಾಡುತ್ತಿದ್ದ ಇನ್ನೊಬ್ಬರಿಗೆ ನಗುವ ಕ್ಯಾರೆಟ್ಟಿನದು ತಂದಿದ್ದನಂತೆ.

ಬಿಲ್ಲೆಯನ್ನು ಒಗೆಯುವ ಬಟ್ಟೆಯ ಜೊತೆ ಕರಗಿಸಿಬಿಡಬೇಕು ಎಂದುಕೊಂಡಿದ್ದೆ. ಮಾವ ಬಿಚ್ಚಲು ಬಿಡಲಿಲ್ಲ. ಊಟಕ್ಕೆ ಕೂತಾಗ ಅದರ ಮೇಲೆ ಬೆರಳಿಟ್ಟು ಮಗನನ್ನು ಕೇಳಿದರು.

"ಓದೋ. ಏನಂತ ಬರೆದಿದೆ?"

"ತಿಂಗಳ ಜಾಣ, ಅಪ್ಪ."

"ಜಾಣನ ಕಾರಿನ ಕೀನ ಬೀರುವಲ್ಲಿ ಇಟ್ಟು ಬೀಗ ಹಾಕಿದ್ದೀಯಲ್ಲ, ನೀನು ಯಾವ ತಿಂಗಳ ದಡ್ಡ?"

ಪುಟ್ಟಿ ಅನ್ನ ಉಗುಳುವಷ್ಟು ನಕ್ಕಳು. ನನ್ನ ಗಂಡನೂ ನಕ್ಕರು. ನನಗೆ ನಗು ಬರಲಿಲ್ಲ.

ಕೀ ಬೀರು ಸೇರಿದ್ದು ಸುಮ್ಮನೆ ಅಲ್ಲ. ಪುಟ್ಟಿಯನ್ನು ಸ್ಕೂಲಿನಿಂದ ಕರೆತರುತ್ತಿದ್ದವರು ಮಾವ. ಒಂದು ಸಂಜೆ ನಮ್ಮ ಬೀದಿ ದಾಟಿ, ಊರೂ ದಾಟಿ, ಹೆದ್ದಾರಿಯ ಟೋಲ್ ಗೇಟಿನವರೆಗೆ ಹೋಗಿಬಿಟ್ಟರು. "ತಾತಾ, ಮನೆ ಹಿಂದೆ ಹೋಯ್ತು" ಎಂದು ಇವಳು ಹಿಂದಿನ ಸೀಟಿನಿಂದ ಕೂಗುತ್ತಲೇ ಇದ್ದಳಂತೆ. "ಓಡಿಸೋರ ಹತ್ರ ಮಾತಾಡಬಾರದು" ಎಂದರಂತೆ ಅವರು. ಎಲ್ಲಿಗೆ ಹೊರಟಿದ್ದೀರಿ ಎಂದು ಟೋಲಿನವನು ಕೇಳಿದಾಗ ಹಿಂದೆ ತಿರುಗಿ ಪುಟ್ಟಿಯನ್ನು ನೋಡಿದರಂತೆ. ಪುಟ್ಟಿಗೆ ನನ್ನ ಫೋನ್ ನಂಬರ್ ಬಾಯಿಗೆ ಬರುತ್ತಿತ್ತು. ಹಾಗಾಗಿ ನನ್ನ ಮಗಳು ನನಗೆ ಸಿಕ್ಕಳು.

ಅಪ್ಪನಿಗೆ ಇಲ್ಲ ಎನ್ನುವುದೆಂದರೆ ನನ್ನ ಗಂಡನಿಗೆ ಹಲ್ಲು ಕೀಳಿಸಿಕೊಂಡಂತೆ. ಕೀ ವಾಪಸ್ ಕೊಡಲು ನೆಪ ಹುಡುಕುತ್ತಿದ್ದವರಿಗೆ ಚಪ್ಪಾಳೆ ಕಳಿಸುವ ಫೋಟೊಗಳು ಸಿಕ್ಕವು. ಮೇಜಿನ ಮೇಲೆ ಪೂರ್ತಿಯಾದ ಕೆಂಪು ಕಾರು, ಹಿಂದೆ ಗಂಟು ಮೋರೆಯ ಮಾವ, ಅವರ ಹೆಗಲ ಮೇಲಿಂದ ಇಣುಕುವ ಚಪ್ಪಾಳೆಯ ಹಲ್ಲು. ಆಫೀಸಿನಲ್ಲೆಲ್ಲ ತೋರಿಸಿಕೊಂಡು ಬಂದಿದ್ದರು.

ಮಾವ ಮಲಗಲು ಹೋದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದಾಗ ನನ್ನ ಗಂಡ ಬಂದು ನಿಂತರು.

"ನೂರು ತುಂಡು ಕಣೇ. ನನಗೇ ಆಗಲ್ಲ."

"ನಿಮಗೆ ಆಗದ್ದು ಲೋಕದಲ್ಲಿ ಬೇಕಾದಷ್ಟಿದೆ."

"ಸೋಮವಾರದಿಂದ ಕೀ ಕೊಟ್ಟು ನೋಡೋಣ. ಸ್ಕೂಲು ಏನು ದೂರ ಇದೆಯಾ?"

"ಹಿಂದಿನ ಸೀಟಲ್ಲಿ ಕೂರೋರು ಯಾರು, ನೀವಾ?"

ಹೋಗಿ ಟೀವಿ ಹಾಕಿಕೊಂಡರು. ನಮ್ಮ ಮನೆಯಲ್ಲಿ ತೀರ್ಮಾನಗಳು ಆಗುವುದೇ ಹೀಗೆ.

ಮರುದಿನ ಮಾವನನ್ನು ಕರೆತರಲು ಬೇಕೆಂದೇ ಬೇಗ ಹೋದೆ. ಬಾಗಿಲಲ್ಲಿ ನಿಂತರೆ ಕೋಣೆ ಪೂರ್ತಿ ಕಾಣುತ್ತದೆ. ಕಿಟಕಿಯ ಬಳಿಯ ಅಜ್ಜಿಯೊಬ್ಬರು ಪಜಲ್ ತುಂಡುಗಳನ್ನು ಒಂದೊಂದಾಗಿ ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಪಕ್ಕದ ಹುಡುಗಿ ಅಷ್ಟೇ ಶ್ರದ್ಧೆಯಿಂದ ಹಿಂದಿನಿಂದ ತೆಗೆದು ಮೇಜಿಗೆ ಇಡುತ್ತಿದ್ದಳು. ನಡುವಿನ ಮೇಜಿನಲ್ಲಿ ಮಾವ. ಕೈಯಲ್ಲಿ ಕೆಂಪು ತುಂಡೊಂದನ್ನು ಹಿಡಿದು ತಿರುಗಿಸುತ್ತಿದ್ದರು. ಕೂರಿಸಲು ನೋಡಿದರು, ಕೂರಲಿಲ್ಲ. ಕೆಮ್ಮಲು ಮುಖ ಆಚೆ ತಿರುಗಿಸಿದರು. ಅಷ್ಟರಲ್ಲಿ ಚಪ್ಪಾಳೆಯ ಕೈ ಜೇಬುಗಳ್ಳನ ಕೈಯ ಹಾಗೆ ಬಂದು ಎರಡು ತುಂಡು ಕೂರಿಸಿ ಮಾಯವಾಯಿತು.

"ವಾವ್ ತಾತಾ! ಬಾನೆಟ್ ಮುಗಿಸೇಬಿಟ್ರಲ್ಲ!"

ಅವನನ್ನು ಹೊರಗೆ ಕರೆದೆ.

"ಅಲ್ಲಪ್ಪ, ಜೋಡಿಸೋದು ಅವರಾ, ನೀನಾ?"

"ಆಂಟಿ, ಟ್ರೈನಿಂಗಲ್ಲಿ ಹೇಳಿಕೊಟ್ಟಿದ್ದಾರೆ. ಸೋತೆ ಅಂತ ಅವರಿಗೆ ಅನ್ನಿಸಬಾರದು. ಖುಷಿ ಮುಖ್ಯ."

"ಅವರ ಮುಖದಲ್ಲಿ ಖುಷಿ ಎಲ್ಲಿ ಕಂಡಿತು ನಿನಗೆ?"

"ಒಳಗೊಳಗೇ ಇರತ್ತೆ ಆಂಟಿ."

ನಿನ್ನ ಬಿಲ್ಲೆ ನೋಡಿ ಇವರ ಕೈಗೆ ಕಾರು ಕೊಡುತ್ತಿದ್ದಾರೆ, ಆ ಕಾರಲ್ಲಿ ನನ್ನ ಮಗಳು ಕೂರುತ್ತಾಳೆ ಎಂದೆ. ಹುಡುಗನ ಬಾಯಿ ತೆರೆದುಕೊಂಡಿತು. ಒಂದು ಬಿಲ್ಲೆ ಬಾಗಿಲ ಆಚೆ ಹೋದರೆ ಏನಾಗುತ್ತದೆ ಎಂದು ಆ ಟ್ರೈನಿಂಗಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. "ಆದರೂ ಆಂಟಿ, ತಾತ ತುಂಬ ಇಂಪ್ರೂವ್ ಆಗಿದ್ದಾರೆ" ಎಂದ. ತಮ್ಮ ಕೈಯ ಕೆಲಸಕ್ಕೆ ತಾವೇ ಮರುಳಾಗುವವರನ್ನು ಏನು ಮಾಡುವುದು?

ಮನೆಯಲ್ಲಿ ಹೇಳಿದೆ. "ನಿನಗೆ ಎಲ್ಲದರಲ್ಲೂ ಹುಳುಕೇ ಕಾಣತ್ತೆ" ಎಂದರು ನನ್ನ ಗಂಡ. ಕಣ್ಣಾರೆ ನೋಡಲಿ ಎಂದು ಶುಕ್ರವಾರ ಅರ್ಧ ದಿನ ರಜೆ ಹಾಕಿಸಿ ಹೊರಡಿಸಿದೆ. ದೊಡ್ಡ ಉಪಕಾರ ಮಾಡುವವರ ಹಾಗೆ ಮಾವನನ್ನೂ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದರು. ಕೇಂದ್ರದ ಮುಂದೆ ಕಾರು ನಿಲ್ಲಿಸಿ ಅದರ ಕೀಯನ್ನು ಅಪ್ಪನಿಗೆ ಕೊಟ್ಟೂ ಬಿಟ್ಟಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು.

ಚಪ್ಪಾಳೆಗೆ ಮೊದಲೇ ಹೇಳಿದ್ದೆ: ಇವತ್ತು ಕೈ ಹಾಕಕೂಡದು. "ಪ್ರಾಮಿಸ್ ಆಂಟಿ" ಎಂದಿದ್ದ. ಮಾವ ಕೂತರು. ಡಬ್ಬ ಸುರಿದರು. ನಮ್ಮವರು ಫೋನ್ ಎತ್ತಿ ವಿಡಿಯೊಗೆ ಹಿಡಿದರು.

ಮಾವ ಒಂದು ಮೂಲೆಯ ತುಂಡು ಹುಡುಕಿ ಇಟ್ಟರು. ಎರಡನೆಯದು ಸಿಕ್ಕಿತು, ಕೂರಲಿಲ್ಲ. ತಿರುಗಿಸಿದರು, ಒತ್ತಿದರು, ಅಂಗೈಯಿಂದ ಗುದ್ದಿದರು. ಹಣೆಯ ಮೇಲೆ ಬೆವರು ಬಂತು. ಆ ಬೆವರು ಒರೆಸಲು ನನ್ನ ಸೆರಗು ತಾನೇ ಮುಂದೆ ಹೋಗುವುದರಲ್ಲಿತ್ತು, ಹಿಡಿದುಕೊಂಡೆ. ಫೋನ್ ಹಿಡಿದ ಕೈ ನಿಧಾನಕ್ಕೆ ಕೆಳಗಿಳಿಯಿತು. ಆಗ, ಪ್ರಾಮಿಸ್ ಮಾಡಿದ ಮಹಾನುಭಾವನ ಕೈ ತಡೆಯಲಾರದೆ ಮೇಜಿನ ಮೇಲೆ ಹರಿದು ಬಂತು.

ನಾನು ಹಿಡಿಯುವ ಮೊದಲೇ ಮಾವ ಆ ಮಣಿಕಟ್ಟನ್ನು ಹಿಡಿದಿದ್ದರು.

"ಮರಿ, ನನಗೆ ಕಾಣಲ್ಲ ಅಂದ್ಕೊಂಡಿದ್ದೀಯಾ?"

"ತಾತಾ, ನಾನು ಸುಮ್ನೆ ಹೆಲ್ಪ್..."

"ಮೊದಲ ದಿನದಿಂದ ನೋಡ್ತಾ ಇದ್ದೀನಿ. ಕೆಮ್ಮಿದ್ರೆ ಎರಡು, ಸೀನಿದ್ರೆ ನಾಲ್ಕು. ಇವನಿಗೆ ಬೇರೆ ಕೆಲಸ ಇಲ್ಲ, ಆಡಿಕೊಳ್ಳಲಿ ಅಂತ ಬಿಟ್ಟಿದ್ದೆ. ಆ ಬಿಲ್ಲೆ ತೋರಿಸಿ ಈ ಪೆದ್ದನ ಹತ್ರ ಕೀ ಈಸ್ಕೊಳ್ಳೋಣ ಅಂತ."

ಪೆದ್ದ ಯಾರು ಎಂದು ಮಗನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮಾವ ಮಣಿಕಟ್ಟು ಬಿಡಲಿಲ್ಲ. ಅವರ ದನಿ ಮಾತ್ರ ಇಳಿಯಿತು.

"ಕಲಿಸೋ ಕಾರಲ್ಲಿ ನನ್ನ ಕಾಲ ಹತ್ರಾನೂ ಬ್ರೇಕ್ ಇರ್ತಿತ್ತು, ಕ್ಲಚ್ ಇರ್ತಿತ್ತು. ಪಕ್ಕದಲ್ಲಿ ಕೂತು ನಾನು ತುಳೀತಿದ್ದೆ. ಕಾರು ಸರಿಯಾಗಿ ನಿಂತ ಕೂಡಲೇ ಕಲಿಯೋರು ತಾವೇ ನಿಲ್ಲಿಸಿದ್ವಿ ಅಂತ ಬೀಗೋರು. ಬೀಗಲಿ ಅಂತ ಬಿಡ್ತಿದ್ದೆ. ಧೈರ್ಯ ಬರಬೇಕಲ್ಲ." ಡಬ್ಬದ ಮೇಲಿನ ಆ ಮೂಗಿನ ಕಾರನ್ನು ನೋಡಿದರು. "ಆದರೆ ನಾನು ಕಾಲು ತೆಗೆಯೋ ತನಕ ಒಬ್ಬರನ್ನೂ ಲೈಸೆನ್ಸಿಗೆ ಕಳಿಸಿಲ್ಲ. ಒಬ್ಬರನ್ನೂ."

ಕೈಚೀಲದ ಅಜ್ಜಿ ಒಂದು ತುಂಡನ್ನು ಹಿಡಿದುಕೊಂಡು ಹಾಗೇ ಕೂತಿದ್ದರು.

ಮಾವ ಜೇಬಿಗೆ ಕೈ ಹಾಕಿ ಕಾರಿನ ಕೀ ತೆಗೆದು ತುಂಡುಗಳ ನಡುವೆ ಎಸೆದರು.

"ತಗೋ, ಇದನ್ನೂ ಎಲ್ಲಾದರೂ ಕೂರಿಸು ನೋಡೋಣ."

ಚಪ್ಪಾಳೆ ಮೊದಲ ಸಲ ಕೈ ಕಟ್ಟಿಕೊಂಡು ನಿಂತಿದ್ದ. ನಮ್ಮವರು ಕೀಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗಡಿಯಾರ ನೋಡಿ ಆಫೀಸಿನಲ್ಲಿ ತುರ್ತು ಕೆಲಸ ಇದೆ ಎಂದರು. ತುರ್ತು ಕೆಲಸ ಇವರಿಗೆ ಯಾವಾಗಲೂ ಇಂಥ ಹೊತ್ತಿಗೇ ಬರುತ್ತದೆ. ಬಸ್ ಹತ್ತಿ ಹೋದರು.

ಕೀ ತೆಗೆದುಕೊಂಡವಳು ನಾನು. ಸ್ಕೂಲು ಬಿಡುವ ಹೊತ್ತಾಗಿತ್ತು. ಮಾವ ಮುಂದೆ ನನ್ನ ಪಕ್ಕ ಕೂತರು. ಅವರೇ ಕಲಿಸಿದ ಡ್ರೈವಿಂಗ್, ಆದರೂ ದಾರಿಯುದ್ದಕ್ಕೂ ನನ್ನ ಜನ್ಮ ಜಾಲಾಡಿದರು. ಗೇರ್ ಹಾಕ್ತಿದ್ದೀಯೋ ಮೆಣಸಿನಕಾಯಿ ಕುಟ್ತಿದ್ದೀಯೋ, ಕನ್ನಡಿ ಇರೋದು ಮುಖ ನೋಡಿಕೊಳ್ಳೋಕಾ, ಆ ಸೈಕಲ್ಲಿನವನು ನಿನಗೇನು ಕೆಟ್ಟದ್ದು ಮಾಡಿದ್ದಾನೆ. ಎಲ್ಲಕ್ಕೂ "ಹೂಂ ಮಾವ" ಎಂದೆ. ಬೈಯುವುದರಲ್ಲಿ ಅವರಿಗೆ ಒಂದು ಮಾತೂ ಮರೆತಿರಲಿಲ್ಲ, ಅಷ್ಟು ಸಾಕಿತ್ತು ನನಗೆ.

ಸ್ಕೂಲಿನ ಗೇಟಿನಲ್ಲಿ ಪುಟ್ಟಿ ಓಡಿ ಬಂದು ಹಿಂದಿನ ಬಾಗಿಲು ತೆಗೆದು ಕೂತಳು. ಮಾವ ಬೆಲ್ಟ್ ಬಿಚ್ಚಿ ಕೆಳಗಿಳಿದರು. ಎಲ್ಲಿಗೆ ಹೊರಟರೋ ಎಂದು ನಾನೂ ಬೆಲ್ಟಿಗೆ ಕೈ ಹಾಕಿದೆ. ಕಾರನ್ನು ಸುತ್ತಿಕೊಂಡು ಬಂದು ಅವಳ ಪಕ್ಕ ಕೂತು ಬಾಗಿಲು ಎಳೆದುಕೊಂಡರು.

"ತಾತಾ, ನೀನು ಯಾಕೆ ಹಿಂದೆ?"

"ನಿಮ್ಮಮ್ಮ ಓಡಿಸುವಾಗ ಹಿಂದೆ ಕೂರೋದೇ ಕ್ಷೇಮ ಕಣೇ," ಎಂದರು ಮಾವ.