ಹಳದಿ ಮುಚ್ಚಳದ ಹಾಲು

ಹಾಲಿನಕ್ಕನ ಕೊಟ್ಟಿಗೆಯಲ್ಲಿ ಐದು ಜರ್ಸಿ ಹಸುಗಳು, ಐದರ ಹಾಲಿನ ಬಾಟಲಿಗೂ ಐದು ಬಣ್ಣದ ಮುಚ್ಚಳ. ಒಂದರ ಹಾಲಿಗೆ ಇನ್ನೊಂದರದನ್ನು ಬೆರೆಸುವಂತಿಲ್ಲ, ಕಾಯಿಸುವಂತಿಲ್ಲ. ಕರೆದು, ಸೋಸಿ, ತಣ್ಣಗಾಗಿಸಿ ಗಾಜಿನ ಬಾಟಲಿಗೆ ತುಂಬಿ ಕೊಡುವುದು. ಕೊಳ್ಳುವವರಿಗೂ ಅದೇ ಹುಚ್ಚು. ಒಂದೊಂದು ಮನೆಗೆ ಒಂದೊಂದು ಹಸು, ಮದುವೆಗೆ ಹೆಣ್ಣು ನೋಡಿದಷ್ಟು ವಿಚಾರಿಸಿ ಆರಿಸಿಕೊಂಡದ್ದು.

ಹಳದಿ ಮುಚ್ಚಳ ರಾಣಿ ಎಂಬ ಹಸುವಿನದು. ಅದು ನಿವೃತ್ತ ಟೀಚರಮ್ಮನ ಮನೆಗೇ ಮೀಸಲು. ಅವರ ಸೊಸೆಗೆ ಈಗ ಏಳು ತಿಂಗಳು, ದಿನಕ್ಕೊಂದು ಬಾಟಲಿ ಅವಳಿಗೇ.

ಹೋದ ವಾರ ರಾಣಿಗೆ ಕೆಚ್ಚಲು ಬಾವು ಬಂತು. ಇಂಜೆಕ್ಷನ್ ಕೊಟ್ಟ ದನದ ಡಾಕ್ಟರು, ನಾಲ್ಕು ದಿನ ಅದರ ಹಾಲು ಮಾರಬೇಡ ಎಂದರು. ಟೀಚರಮ್ಮನಿಗೆ ಹಾಗೆಂದು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವರೆದುರು 'ಇಲ್ಲ' ಎನ್ನಲು ಹಾಲಿನಕ್ಕನಿಗೆ ನಾಲಿಗೆಯೇ ಹೊರಳುವುದಿಲ್ಲ. ಹಿತ್ತಲ ಶೆಡ್ಡಿನಲ್ಲಿ ಹೊಸದಾಗಿ ಕೊಂಡ ಹಸುವೊಂದಿತ್ತು. ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೆ ಬೇರೆ ಕಟ್ಟಿದ್ದಳು. ನೋಡಲು ಗುಂಡುಕಲ್ಲಿನ ಹಾಗಿತ್ತು. ಇದಕ್ಕೇನು ರೋಗ ಬರುತ್ತದೆ ಎಂದುಕೊಂಡು ಅದರ ಹಾಲು ಕರೆದು, ಹಳದಿ ಮುಚ್ಚಳ ಹಾಕಿ ಕಳಿಸಿದಳು. ಒಂದಲ್ಲ, ನಾಲ್ಕು ದಿನ.

ಐದನೇ ದಿನ ಬೆಳಿಗ್ಗೆ ಡಾಕ್ಟರ ಫೋನು ಬಂತು.

"ಆ ಹೊಸ ಹಸುಗೆ ಕಂದು ರೋಗ ಇದೆಯಮ್ಮ. ಗಬ್ಬದ ಹಸು ಕರು ಕಳ್ಕೊಳ್ಳೋ ರೋಗ. ಹಸಿ ಹಾಲಿಂದ ಮನುಷ್ಯರಿಗೂ ಬರುತ್ತೆ, ಬಸುರಿಯರಿಗಂತೂ ಬಹಳ ಅಪಾಯ. ಯಾರಿಗೂ ಕೊಟ್ಟಿಲ್ಲ ತಾನೆ?"

"ಇಲ್ಲ ಸಾರ್," ಎಂದಿತು ಅವಳ ಬಾಯಿ, ಅವಳನ್ನು ಕೇಳದೆಯೇ.

ಫೋನಿಟ್ಟವಳೇ ಇಂಥ ಮಹಾಪಾಪಿ ನಾನು ಎಂದು ತನ್ನನ್ನೇ ಶಪಿಸಿಕೊಳ್ಳುತ್ತ, ಸಗಣಿ ಮೆತ್ತಿದ ಕಾಲಲ್ಲೇ ಟೀಚರಮ್ಮನ ಮನೆಗೆ ಓಡಿದಳು. ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಇದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು.

ಟೀಚರಮ್ಮ ನಕ್ಕರು. "ಸುಮ್ನಿರೇ ಮಾರಾಯ್ತಿ! ರಾಣಿ ಹಾಲು ನನ್ನ ನಾಲಿಗೆಗೆ ಗೊತ್ತಾಗಲ್ವಾ? ನಿನ್ನೆನೂ ಒಂದು ಗುಟುಕು ಕುಡ್ದೆ, ಅದೇ ಸಿಹಿ. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವಳು ನಾನು, ನೀನು ನನಗೆ ಮೋಸ ಮಾಡೋಕಾಗುತ್ತಾ?"

"ಮಾಡಿದೆ ಟೀಚರಮ್ಮ. ದಮ್ಮಯ್ಯ, ನಂಬಿ. ನಾಲ್ಕು ದಿನ ಮಾಡಿದೆ."

ಟೀಚರಮ್ಮನ ನಗು ಆರಿತು. ಅವರು ಸೊಸೆಯ ಕಡೆ ನೋಡಲಿಲ್ಲ. ಸೊಸೆ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ದನಿ ಏರಿಸದೆ ಹೇಳಿದಳು:

"ಅತ್ತೆ, ಕಾಯಿಸ್ಕೊಂಡು ಕುಡೀತೀನಿ ಅಂತ ನಾನು ದಿನಾ ಕೇಳಿದ್ದೆ."

ಸೊಸೆ ಆಸ್ಪತ್ರೆಯ ಫೈಲು ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು.

"ನಾನೂ ಬರ್ತೀನಿ ತಾಯಿ, ಡಾಕ್ಟರಿಗೆ ನಾನೇ ಹೇಳ್ತೀನಿ," ಎಂದಳು ಹಾಲಿನಕ್ಕ.

"ಬೇಡ ಅಕ್ಕ. ರೋಗದ ಹೆಸರು ಬರೆದುಕೊಡಿ, ಸಾಕು."

ಹಾಲಿನಕ್ಕ ಗೋಡೆಗೆ ಚೀಟಿ ಒತ್ತಿ ಹಿಡಿದು ರೋಗದ ಹೆಸರು ಬರೆದಳು, ಹಾಲು ಕೊಟ್ಟ ನಾಲ್ಕೂ ದಿನದ ತಾರೀಖು ಬರೆದಳು. ಯಾರೂ ಕೇಳದಿದ್ದರೂ ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: ಪರೀಕ್ಷೆ ಮುಗಿದಿಲ್ಲ ಅಂತ ಗೊತ್ತಿದ್ದೂ ಕೊಟ್ಟೆ.